ಪಗಾರ ಆಯ್ತಾ?

ನಾನು ಬೆಂಗಳೂರಿಗೆ ಬಂದ ಹೊಸತು. ಮೊದಲ ತಿಂಗಳ ಕೊನೆಗೆ ಪಕ್ಕದ ಸೀಟಿನವನನ್ನು "ಪಗಾರ ಆಯ್ತಾ?" ಅಂತ ಕೇಳಿದೆ. ಅವನು ನಕ್ಕುಬಿಟ್ಟ. "ಅದು ಮರಾಠಿ ಕಣೋ, ಕನ್ನಡದಲ್ಲಿ ಸಂಬಳ ಅನ್ನು" ಅಂದ. ಅಂಕೋಲೆಯಲ್ಲಿ ಹುಟ್ಟಿ ಬೆಳೆದ ನನಗೆ ಚುರುಕ್ ಅಂತು. ನಮ್ಮ ಕನ್ನಡವೂ ಕನ್ನಡವೇ ಅಂತ ಸಾಬೀತು ಮಾಡುವ ಕೆಲಸ ನಮಗೆ ತಪ್ಪಿದ್ದಲ್ಲ. ಕಾರವಾರದವರಿಗಂತೂ ಕೇಳುವುದೇ ಬೇಡ!

ಆಮೇಲೆ ಹುಡುಕಿ ನೋಡಿದರೆ, ಪಗಾರ ಮೂಲದಲ್ಲಿ ಮರಾಠಿಯೂ ಅಲ್ಲ. ಅದು ಪೋರ್ಚುಗೀಸರ 'ಪಗಾರ್' ಅನ್ನುವ ಕ್ರಿಯಾಪದ; ಹಣ ಪಾವತಿ ಮಾಡು ಅಂತ ಅರ್ಥ. ನಮ್ಮಲ್ಲಿಗೆ ಬಂದು ನಾಮಪದವಾಗಿ ಕೂತಿದೆ ಅಷ್ಟೆ. ಸ್ಪ್ಯಾನಿಷ್‌ನಲ್ಲೂ ಪಗಾರ್, ಇಟಾಲಿಯನ್‌ನಲ್ಲಿ ಪಗಾರೆ, ಫ್ರೆಂಚಿನಲ್ಲಿ ಪೇಯೆ. ಇಂಗ್ಲಿಷಿನ 'ಪೇ' ಹಳೆಯ ಫ್ರೆಂಚಿನಿಂದ ಬಂದದ್ದು. ಎಲ್ಲಕ್ಕೂ ತಾಯಿ ಲ್ಯಾಟಿನ್ನಿನ 'ಪಾಕಾರೆ'. ಶಾಂತಿ ಅನ್ನುವ 'ಪಾಕ್ಸ್'ನಿಂದ ಹುಟ್ಟಿದ್ದು, ಸಮಾಧಾನಪಡಿಸು ಅಂತ ಅರ್ಥ. ಸಾಲ ಕೊಟ್ಟವನನ್ನು ಸಮಾಧಾನಪಡಿಸುವುದು ಅಂದರೆ ದುಡ್ಡು ಕೊಡುವುದು ತಾನೆ?

ಇದು ನಮ್ಮೂರಿಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಕಾರವಾರದ ಎದುರಿಗಿರುವ ಅಂಜುದೀವ್ ದ್ವೀಪದಲ್ಲಿ ಪೋರ್ಚುಗೀಸರು 1505ರಲ್ಲೇ ಕೋಟೆ ಕಟ್ಟಿದರು. ನಡುವೆ ಬಿಟ್ಟು ಹೋದರೂ ಮತ್ತೆ ಬಂದರು. ದ್ವೀಪ ಅವರ ಕೈತಪ್ಪಿದ್ದು 1961ರ ಡಿಸೆಂಬರಿನಲ್ಲಿ. 1752ರಲ್ಲಿ ಕಾಳಿ ನದಿಯ ದಂಡೆಯ ಸದಾಶಿವಗಡವನ್ನೂ ಹಿಡಿದಿದ್ದರು. ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ಗೋವಾ. ಜೊತೆಗೆ 1862ರಿಂದ 1956ರವರೆಗೆ ನಮ್ಮ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಗೋವಾದ ಕೊಂಕಣಿ, ಮುಂಬಯಿಯ ಮರಾಠಿ, ಎರಡರಲ್ಲೂ ಪಗಾರ ಇದೆ. ಎರಡೂ ಬಾಗಿಲು ನಮಗೆ ತೆರೆದೇ ಇದ್ದವು.

ಹಾಗಾದರೆ ಸಂಬಳ? ಅದೂ ಅಚ್ಚಗನ್ನಡವಲ್ಲ ಮಾರಾಯ್ರೆ! ಸಂಸ್ಕೃತದ 'ಶಂಬಲ', ಅಂದರೆ ದಾರಿಬುತ್ತಿ. ಒಂದು ಬುತ್ತಿ ಕಟ್ಟಿಕೊಂಡು ಬಂತು, ಇನ್ನೊಂದು ಹಡಗು ಹತ್ತಿ ಬಂತು. ಮೇಜು, ಚಾವಿ ಕೂಡ ಅದೇ ಹಡಗಿನಲ್ಲಿ ಬಂದವು. ಅವನ್ನು ಯಾರೂ ಹೊರಗಿನವು ಅನ್ನುವುದಿಲ್ಲ.

ಅಪ್ಪನ ಪಗಾರದ ದಿನ ಆಯಿ ಮೊದಲು ಮಾಡುತ್ತಿದ್ದ ಕೆಲಸ ಕಿರಾಣಿ ಅಂಗಡಿಯ ಉದ್ರಿ ತೀರಿಸುವುದು. ವಾಪಸ್ ಬಂದು "ಅಬ್ಬಾ, ಈಗ ಸಮಾಧಾನ ಆಯ್ತು" ಅನ್ನುತ್ತಿದ್ದಳು. ಲ್ಯಾಟಿನ್ ಗೊತ್ತಿಲ್ಲದೆಯೇ ಶಬ್ದದ ಅರ್ಥ ಸರಿಯಾಗಿ ಹೇಳಿಬಿಟ್ಟಿದ್ದಳು.

ನಾನಂತೂ ಈಗಲೂ ಪಗಾರ ಅಂತಲೇ ಅನ್ನುತ್ತೇನೆ. ನಿಮ್ಮ ಕಡೆ ಏನಂತಾರೆ?