ಲೇಪ ಮತ್ತು ನೋಟ

1965ರ ಕಪ್ಪು-ಬಿಳುಪು ‘ಸತ್ಯ ಹರಿಶ್ಚಂದ್ರ’ 2008ರಲ್ಲಿಯೂ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿಯೂ ಬಣ್ಣ ತಳೆದು ಮತ್ತೆ ತೆರೆಗೆ ಬಂದುದು ವಾಚಕರಿಗೆ ತಿಳಿದದ್ದೇ. ಸಿದ್ಧವಾದ ಚಿತ್ರಕ್ಕೆ ಮೇಲೊಂದು ಲೇಪ ಕೊಡುವ ಈ ವಿದ್ಯೆ ವಿಡಿಯೋ ಆಟಗಳಲ್ಲಿಯೂ ಉಂಟು. ಆದರೆ ಅಲ್ಲಿ ಆಟ ನಡೆಯುತ್ತಿರುವಾಗಲೇ, ಸೆಕೆಂಡಿಗೆ 30 ಅಥವಾ 60 ಸಲ ಲೇಪವಾಗಬೇಕು.

2001ರ ಜಪಾನೀ ಆಟ ‘ಈಕೋ’ದಲ್ಲಿ ಕೋಟೆಯ ಕಿಟಕಿಯ ಬೆಳಕು ಅಂಚು ಮೀರಿ ಹರಡುತ್ತದೆ. ನಾಗಪುರದ ಮೇ ತಿಂಗಳಲ್ಲಿ ಕತ್ತಲ ಕೋಣೆಯಿಂದ ಅಂಗಳಕ್ಕೆ ಬಂದರೆ ಕಣ್ಣು ಕುಕ್ಕುವುದಲ್ಲವೆ? ಅದೇ ಅನುಭವ. ಇದಕ್ಕೆ ‘ಬ್ಲೂಮ್’ ಎಂದು ಹೆಸರು. ಮುಂದಿನ ವರ್ಷಗಳಲ್ಲಿ ಹಲವು ಆಟಗಳು ಇದನ್ನು ಮಿತಿಮೀರಿ ಬಳಸಿ ತೆರೆಯನ್ನೆಲ್ಲ ಮಂಜಾಗಿಸಿದವು.

ಚಲನೆಯ ಮಸುಕಿನ ಕಥೆಯೂ ಇಷ್ಟೆ. ಒಂದು ಚಿತ್ರದಿಂದ ಇನ್ನೊಂದಕ್ಕೆ ಆಗುವ ನೆಗೆತವನ್ನು ಅದು ಮರೆಮಾಡುತ್ತದೆ. ಹೆಚ್ಚಾದರೆ ಎದುರಾಳಿಯನ್ನೂ ಮರೆಮಾಡುತ್ತದೆ, ಕೆಲವರಿಗೆ ತಲೆಯೂ ಸುತ್ತುತ್ತದೆ.

ಸಿನಿಮಾ ಪ್ರೇಕ್ಷಕ ನೋಡಿದರೆ ಸಾಕು. ಆಡುವವನು ನೋಡಿ ಒಡನೆ ನಿರ್ಧರಿಸಬೇಕು. ಆದ್ದರಿಂದ ಲೇಪ ಚೆಂದವೆ ಎಂಬುದಕ್ಕಿಂತ, ದಾರಿ ಕಾಣುತ್ತದೆಯೆ ಎಂಬುದೇ ಇಲ್ಲಿ ಒರೆಗಲ್ಲು. ಆಡುತ್ತಿದ್ದ ಮಗು ತಲೆ ಸುತ್ತುತ್ತದೆ ಎಂದರೆ, ಬಯ್ಯುವ ಮೊದಲು ಹಿರಿಯರು ಆಟದ ಸೆಟ್ಟಿಂಗ್ಸ್ ತೆರೆಯಲಿ. ಈ ಮಸುಕನ್ನು ತೆಗೆದುಹಾಕುವ ಸೌಲಭ್ಯ ಅನೇಕ ಆಟಗಳಲ್ಲಿದೆ.