ಮಾಳಿಗೆಯ ನೀರು: ಹಗಲಿನ ಬಿಸಿಲು, ಇರುಳಿನ ಆಕಾಶ

1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಸರ್ ರಾಬರ್ಟ್ ಬಾರ್ಕರ್ ಎಂಬ ಸೇನಾಧಿಕಾರಿಯ ಲೇಖನವೊಂದು ಪ್ರಕಟವಾಯಿತು. ಅಲಹಾಬಾದಿನ ಸೀಮೆಯಲ್ಲಿ ಚಳಿಗಾಲದ ಇರುಳುಗಳಲ್ಲಿ ಮಂಜುಗಡ್ಡೆಯನ್ನು ತಯಾರಿಸುತ್ತಿದ್ದ ಬಗೆಯನ್ನು ಅದು ವರ್ಣಿಸುತ್ತದೆ. ಬಯಲಿನಲ್ಲಿ ತೋಡಿದ ಆಳವಿಲ್ಲದ ಗುಂಡಿಗಳಲ್ಲಿ ಒಣಗಿದ ಕಬ್ಬಿನ ಅಥವಾ ಜೋಳದ ದಂಟನ್ನು ಹಾಸಿ, ಅದರ ಮೇಲೆ ಮಣ್ಣಿನ ತಟ್ಟೆಗಳಲ್ಲಿ ಕುದಿಸಿ ಆರಿಸಿದ ನೀರನ್ನಿಡುತ್ತಿದ್ದರು. ಸುತ್ತಲಿನ ಕೆರೆಕುಂಟೆಗಳ ನೀರು ಹೆಪ್ಪುಗಟ್ಟದಿದ್ದರೂ ತಟ್ಟೆಯ ನೀರು ಬೆಳಗಾಗುವುದರೊಳಗೆ ಗಡ್ಡೆಯಾಗುತ್ತಿತ್ತು.

ಇದು ಆವಿಯಾಗುವಿಕೆಯ ಫಲವೆಂದು ಅನೇಕರು ಭಾವಿಸಿದ್ದರು. 1814ರಲ್ಲಿ ವಿಲಿಯಂ ಚಾರ್ಲ್ಸ್ ವೆಲ್ಸ್ ಇಬ್ಬನಿಯನ್ನು ಕುರಿತ ಪ್ರಬಂಧದಲ್ಲಿ ಮುಖ್ಯ ಕಾರಣವು ವಿಕಿರಣವೆಂದು ಪ್ರತಿಪಾದಿಸಿದನು. ನಿರಭ್ರವಾದ ಆಕಾಶದ ಕಡೆಗೆ ನೀರು ತನ್ನ ಶಾಖವನ್ನು ಬಿಟ್ಟುಕೊಡುತ್ತದೆ; ನೆಲದ ಶಾಖ ಮೇಲೇರದಂತೆ ದಂಟಿನ ಹಾಸು ತಡೆಯುತ್ತದೆ.

ಬಿಸಿಲಿನಿಂದ ನೀರು ಕಾಯಿಸುವ ವಿದ್ಯೆ ಬೇರೆಯೇ ದಾರಿಯಲ್ಲಿ ಬೆಳೆಯಿತು. 1767ರಲ್ಲಿ ಜಿನೀವಾದ ಸಸ್ಯೂರ್ ಗಾಜಿನ ಪೆಟ್ಟಿಗೆಯಲ್ಲಿ ಬಿಸಿಲನ್ನು ಹಿಡಿದನು. 1891ರಲ್ಲಿ ಅಮೆರಿಕದ ಕ್ಲಾರೆನ್ಸ್ ಕೆಂಪ್ ಸೌರ ಜಲತಾಪಕಕ್ಕೆ ಪೇಟೆಂಟ್ ಪಡೆದನು. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ, ಒಳಗಿನ ಶಾಖಕಿರಣಗಳನ್ನು ಹೊರಗೆ ಬಿಡದು. ಹಗಲಿಗೆ ಉಪಕಾರಿಯಾದ ಈ ಗುಣವೇ ಇರುಳಿಗೆ ಅಡ್ಡಿಯಾಯಿತು. ಒಂದೇ ಮಾಳಿಗೆಯಲ್ಲಿ ಈ ಎರಡು ವಿದ್ಯೆಗಳು ಕೂಡಿ ಬಾಳುವುದು ಕಷ್ಟವಾದುದು ಇದರಿಂದಲೇ.

ಈ ತೊಡಕನ್ನು ಬಿಡಿಸಿದವರಲ್ಲಿ ಹೆರಾಲ್ಡ್ ಹೇ ಪ್ರಮುಖನು. 1950ರ ದಶಕದಲ್ಲಿ ಭಾರತದಲ್ಲಿ ಅಲ್ಪವೆಚ್ಚದ ವಸತಿಯ ಕಾರ್ಯದಲ್ಲಿದ್ದ ಈತನು, 1967ರಲ್ಲಿ ಅರಿಜೋನದ ಫೀನಿಕ್ಸಿನಲ್ಲಿ ಜಾನ್ ಯೆಲಟ್‌ನೊಡನೆ ಪ್ರಯೋಗ ನಡೆಸಿ, 1973ರಲ್ಲಿ ಕ್ಯಾಲಿಫೋರ್ನಿಯಾದ ಅಟಾಸ್ಕಡೆರೊದಲ್ಲಿ ಮನೆಯೊಂದನ್ನು ಕಟ್ಟಿಸಿದನು. ಲೋಹದ ಛಾವಣಿಯ ಮೇಲೆ ಪ್ಲಾಸ್ಟಿಕ್ ಚೀಲಗಳಲ್ಲಿ ನೀರು. ಅದರ ಮೇಲೆ ಸರಿಸಬಲ್ಲ ಶಾಖನಿರೋಧಕ ಹಲಗೆಗಳು. ಚಳಿಗಾಲದಲ್ಲಿ ಹಗಲು ತೆರೆದು ಇರುಳು ಮುಚ್ಚುವುದು, ಬೇಸಗೆಯಲ್ಲಿ ಹಗಲು ಮುಚ್ಚಿ ಇರುಳು ತೆರೆಯುವುದು. ಯಂತ್ರದ ಜಾಗವನ್ನು ಮುಚ್ಚಳದ ವೇಳಾಪಟ್ಟಿಯೇ ತುಂಬಿತು.

ಈ ಉಪಾಯ ಎಲ್ಲ ಊರಿಗೂ ಸಮನಾಗಿ ಒದಗದು. ಮುಂಬಯಿ, ಚೆನ್ನೈಗಳ ತೇವಭರಿತ ಗಾಳಿ ಶಾಖವನ್ನು ನೆಲದತ್ತ ಮರಳಿಸುತ್ತದೆ. ದೆಹಲಿಯ ಒಣ ಇರುಳು ಅದನ್ನು ಸುಲಭವಾಗಿ ಹೊರಬಿಡುತ್ತದೆ. ಬೆಂಗಳೂರಿನ ಮಾಳಿಗೆಗಳಲ್ಲಿ ಇಂದು ಸಾಮಾನ್ಯವಾಗಿರುವ ಸೌರ ಜಲತಾಪಕಗಳು ಈ ವಿದ್ಯೆಯ ಹಗಲಿನ ಅರ್ಧವನ್ನಷ್ಟೇ ಬಳಸುತ್ತವೆ. ಇರುಳಿನ ಅರ್ಧವನ್ನು ಬಲ್ಲವರು ಅಲಹಾಬಾದಿನ ಬಯಲಿನಲ್ಲಿ ಎಂದೋ ಇದ್ದರು. ಬಾರ್ಕರನ ಹೆಸರು ಗ್ರಂಥಗಳಲ್ಲಿ ಉಳಿಯಿತು. ತಟ್ಟೆಗಳನ್ನು ಸಾಲಾಗಿ ಜೋಡಿಸಿದ ಕೈಗಳ ಹೆಸರು ಉಳಿಯಲಿಲ್ಲ. ತಂತ್ರವಿದ್ಯೆಯ ಚರಿತ್ರೆಯನ್ನು ಪೇಟೆಂಟುಗಳಿಂದಲೇ ಆರಂಭಿಸಿದರೆ ಅದು ಅರ್ಧ ಚರಿತ್ರೆಯಾಗುತ್ತದೆ.