ಲೋಹ ಲೋಹವನ್ನು ಮುಟ್ಟುವಲ್ಲಿ

ಮೋಟಾರು ವಾಹನಗಳ ಚರಿತ್ರೆಯನ್ನು ಬರೆದವರು ಹಳೆಯ ವಿದ್ಯುತ್ ಕಾರುಗಳು ಹಿಂದೆ ಬಿದ್ದುದಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳನ್ನು ಕೊಡುತ್ತಾರೆ: ಬ್ಯಾಟರಿಯ ಭಾರ, ಪೆಟ್ರೋಲಿನ ಅಗ್ಗ. ಎರಡೂ ನಿಜವೇ. ಆದರೆ ಆ ಕಾರುಗಳನ್ನು ದಿನನಿತ್ಯ ಓಡಿಸಿದವರ, ಕೆಟ್ಟಾಗ ದುರಸ್ತಿ ಮಾಡಿದವರ ಚರಿತ್ರೆ ಬೇರೊಂದಿದೆ. ಅದರಲ್ಲಿ ಪ್ರಧಾನ ಪಾತ್ರ ಬ್ಯಾಟರಿಯದೂ ಅಲ್ಲ, ಮೋಟಾರಿನದೂ ಅಲ್ಲ. ಒಂದು ಲೋಹ ಮತ್ತೊಂದನ್ನು ಮುಟ್ಟುವ ಹೆಬ್ಬೆರಳಗಲದ ಜಾಗದ್ದು. ಕನ್ನಡದ ಮೇಷ್ಟರಾದ ನಾನು ಆ ಜಾಗವನ್ನು ಸಂಧಿ ಎಂದು ಕರೆದರೆ ಕೇಳುಗರು ಮನ್ನಿಸಬೇಕು. ವ್ಯಾಕರಣದ ಸಂಧಿಯಲ್ಲಿ ಒಂದು ಸ್ವರ ಲೋಪವಾದರೂ ಪದ ಬದುಕಿಕೊಳ್ಳುತ್ತದೆ. ಇಲ್ಲಿ ಸಂಧಿ ಕೆಟ್ಟರೆ ಗಾಡಿಯೇ ನಿಂತುಬಿಡುತ್ತದೆ.

1900ರಲ್ಲಿ ಅಮೆರಿಕದಲ್ಲಿ ತಯಾರಾದ 4,192 ಕಾರುಗಳ ಪೈಕಿ 1,575 ವಿದ್ಯುತ್ತಿನವು, 936 ಮಾತ್ರ ಪೆಟ್ರೋಲಿನವು; ಮಿಕ್ಕವು ಉಗಿಯಿಂದ ಓಡುತ್ತಿದ್ದವು. ಅದಕ್ಕೂ ಒಂದು ವರ್ಷ ಮೊದಲು, 1899ರಲ್ಲಿ, ಬೆಲ್ಜಿಯಮ್ಮಿನ ಕಮೀಲ್ ಜೆನಾಟ್ಸಿ ಎಂಬಾತ ಗಂಟೆಗೆ ನೂರು ಕಿಲೋಮೀಟರು ವೇಗವನ್ನು ಮೊತ್ತಮೊದಲು ದಾಟಿದ್ದು ವಿದ್ಯುತ್ ಕಾರಿನಲ್ಲಿಯೇ. ಪೆಟ್ರೋಲು ಕಾರುಗಳ ಚಕ್ರವರ್ತಿಯೆನಿಸಿದ ಹೆನ್ರಿ ಫೋರ್ಡನ ಹೆಂಡತಿ ಕ್ಲಾರಾ ಓಡಿಸುತ್ತಿದ್ದುದು ಡೆಟ್ರಾಯಿಟ್ ಎಲೆಕ್ಟ್ರಿಕ್ ಕಾರನ್ನು. ಗಂಡನ ಕಾರಿಗೆ ಹಿಡಿ ತಿರುಗಿಸಿ ಜೀವ ತುಂಬಬೇಕಾಗಿತ್ತು. ಹೆಂಡತಿಯ ಕಾರಿಗೆ ಅದರ ಗೊಡವೆಯಿರಲಿಲ್ಲ.

ಆ ಕಾಲದ ಅನೇಕ ಕಾರುಗಳಲ್ಲಿ ವೇಗವನ್ನು ಹತೋಟಿಯಲ್ಲಿಡುತ್ತಿದ್ದ ಸಾಧನವೊಂದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಅದೊಂದು ಉರುಳೆ. ಅದರ ಮೈಮೇಲೆ ತಾಮ್ರದ ಪಟ್ಟಿಗಳು. ಅವುಗಳನ್ನು ಒತ್ತಿ ನಿಂತ, ಸ್ಪ್ರಿಂಗಿನ ಬಲವುಳ್ಳ ತಾಮ್ರದ ಬೆರಳುಗಳು. ನಮ್ಮ ವೀಣೆಯ ಮೆಟ್ಟಿಲುಗಳ ಮೇಲೆ ಬೆರಳು ಜಾರಿದಂತೆ, ಚಾಲಕ ಹಿಡಿಕೆ ಸರಿಸಿದಾಗಲೆಲ್ಲ ಈ ಬೆರಳುಗಳು ಪಟ್ಟಿಯಿಂದ ಪಟ್ಟಿಗೆ ಜಾರಿ ಬ್ಯಾಟರಿಗಳನ್ನು ಒಮ್ಮೆ ಸಮಾಂತರವಾಗಿ, ಒಮ್ಮೆ ಸರಣಿಯಾಗಿ ಜೋಡಿಸುತ್ತಿದ್ದವು. ಪಟ್ಟಿಯನ್ನು ಬಿಡುವ ಕ್ಷಣದಲ್ಲಿ ಪ್ರವಾಹ ಸುಮ್ಮನೆ ನಿಲ್ಲುವುದಿಲ್ಲ. ಗಾಳಿಯನ್ನೇ ಸೇತುವೆ ಮಾಡಿಕೊಂಡು ಕಿಡಿಯಾಗಿ ಹಾರುತ್ತದೆ. ಕಿಡಿ ತಾಮ್ರವನ್ನು ಸುಡುತ್ತದೆ. ಸುಟ್ಟ ಮೈ ಉಬ್ಬುತಗ್ಗಾಗುತ್ತದೆ. ಒರಟಾದ ಮೈಯ ಮೇಲೆ ಸ್ಪರ್ಶ ಕಡಿಮೆಯಾಗಿ ಮತ್ತಷ್ಟು ಬಿಸಿ. ಹೀಗೆ ಕೇಡು ಕೇಡನ್ನು ಹೆರುತ್ತ ಹೋಗುತ್ತದೆ. ಆದ್ದರಿಂದಲೇ ಹಿಡಿಕೆಯನ್ನು ಎರಡು ಮೆಟ್ಟಿಲುಗಳ ನಡುವೆ ನಿಲ್ಲಿಸಬಾರದು, ಅನುಮಾನಿಸದೆ ಒಂದೇ ಬಾರಿಗೆ ಸರಿಸಬೇಕು ಎಂಬ ಪಾಠ. ಸುಟ್ಟ ಪಟ್ಟಿಯನ್ನು ನಯವಾದ ಅರದಿಂದ ತಿಕ್ಕಿ ಸಮ ಮಾಡುವುದು, ಸಡಿಲಾದ ಬೆರಳಿನ ಒತ್ತಡವನ್ನು ಸರಿಪಡಿಸುವುದು, ಕೊನೆಯಲ್ಲಿ ತೆಳ್ಳಗೆ ವ್ಯಾಸಲೀನು ಸವರುವುದು ಅಂದಿನ ದುರಸ್ತಿಗಾರನ ನಿತ್ಯಕರ್ಮವಾಗಿತ್ತು.

1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗನ ವಿದ್ಯುತ್ ಸ್ಟಾರ್ಟರ್ ಬಂದಿತು. ಹಿಡಿ ತಿರುಗಿಸುವ ಕಷ್ಟ ತಪ್ಪಿತು. ಮುಂದಿನದು ಎಲ್ಲರಿಗೂ ತಿಳಿದ ಕಥೆ.

ಮುಟ್ಟಿದ ಲೋಹಗಳ ಒಳಗುಟ್ಟನ್ನು ಶಾಸ್ತ್ರೀಯವಾಗಿ ಬಿಡಿಸಿಟ್ಟವರಲ್ಲಿ ಅಗ್ರಗಣ್ಯ ರಾಗ್ನಾರ್ ಹೋಮ್ ಎಂಬ ಸ್ವೀಡನ್ನಿನ ವಿಜ್ಞಾನಿ. ಎಷ್ಟೇ ನಯಗೊಳಿಸಿದರೂ ಎರಡು ಲೋಹದ ಮೈಗಳು ಪೂರ್ತಿಯಾಗಿ ಕೂಡುವುದಿಲ್ಲ. ಎರಡು ಗುಡ್ಡಸಾಲುಗಳನ್ನು ಮುಖಾಮುಖಿಯಾಗಿಸಿದಂತೆ ಕೆಲವು ಶಿಖರಗಳು ಮಾತ್ರ ತಾಕುತ್ತವೆ. ಪ್ರವಾಹವೆಲ್ಲ ಆ ಸೂಕ್ಷ್ಮ ಬಿಂದುಗಳ ಮೂಲಕವೇ ನುಸುಳಬೇಕು. ಬಿಗಿದಷ್ಟೂ ಬಿಂದುಗಳು ಹೆಚ್ಚುತ್ತವೆ. ವ್ಯಾಸಲೀನಿನ ಒಗಟೂ ಇದರಿಂದ ಬಿಡುತ್ತದೆ. ಅದು ವಿದ್ಯುತ್ತನ್ನು ಹರಿಯಗೊಡದ ವಸ್ತು, ಹಾಗಿದ್ದೂ ಸವರುವುದೇಕೆ? ಶಿಖರಗಳು ಒತ್ತಿದಲ್ಲಿ ಅದು ಪಕ್ಕಕ್ಕೆ ಸರಿದು, ಉಳಿದ ಕಣಿವೆಗಳನ್ನು ತುಂಬಿ, ಗಾಳಿಯೂ ಆಮ್ಲವೂ ಒಳನುಗ್ಗದಂತೆ ಕಾಯುತ್ತದೆ.

ಇನ್ನು ನಮ್ಮ ಊರಿನ ಮಾತು. 2001ರಲ್ಲಿ ಬೆಂಗಳೂರಿನಿಂದ ರೇವಾ ಹೊರಟಿತು. 2004ರಿಂದ ಜೀ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲೂ ಓಡಿತು. ಅದರ ಮೊದಲ ಮಾದರಿಗಳಲ್ಲಿ ಸೀಟಿನ ಕೆಳಗೆ ಆರಾರು ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳು, ಒಟ್ಟು 48 ವೋಲ್ಟ್. ಎಂಟು ಬ್ಯಾಟರಿಯೆಂದರೆ ಹದಿನಾರು ಟರ್ಮಿನಲ್ಲುಗಳು, ಎಲ್ಲವೂ ಒಂದೇ ಸರಣಿಯಲ್ಲಿ. ಹದಿನೈದು ಸುಸ್ಥಿತಿಯಲ್ಲಿದ್ದು ಒಂದು ಕೆಟ್ಟರೂ ಹದಿನಾರೂ ಕೆಟ್ಟಂತೆಯೇ.

ಸಣ್ಣದೊಂದು ಲೆಕ್ಕ ಹಾಕೋಣ. ಏರಿನಲ್ಲಿ 200 ಆಂಪಿಯರ್ ಪ್ರವಾಹ ಹರಿಯುತ್ತಿದೆಯೆಂದಿಟ್ಟುಕೊಳ್ಳಿ. ಒಂದು ಸಂಧಿಯ ರೋಧ ಓಮಿನ ಸಾವಿರದಲ್ಲೊಂದು ಭಾಗವಾದರೂ ಅಲ್ಲಿ 40 ವ್ಯಾಟಿನಷ್ಟು ಶಾಖ ಹುಟ್ಟುತ್ತದೆ. ಕಿಲುಬು ಕೂತು ರೋಧ ಐದು ಪಟ್ಟಾದರೆ 200 ವ್ಯಾಟ್. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್ಸಿನಲ್ಲಿ; ಕಂಬವೇ ಕರಗಿ ಇಳಿಯುವುದು ಆಶ್ಚರ್ಯವಲ್ಲ.

ಕಿಲುಬು ಎಂದೆ. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರ ಹಿತ್ತಾಳೆಗಳಿಗೆ ಕಿಲುಬು. ಹೀಗೆ ಬೇರೆ ಬೇರೆ ಹೆಸರಿಟ್ಟ ನಮ್ಮ ಹಿರಿಯರ ಕಣ್ಣು ಸೂಕ್ಷ್ಮವಾದದ್ದು. ಆದರೆ ಅವರ ಮದ್ದು ಇಲ್ಲಿ ಸಲ್ಲದು. ಅಡುಗೆಮನೆಯ ಕಿಲುಬನ್ನು ಹುಣಿಸೆಹುಳಿ ಬಿಡಿಸುತ್ತದೆ. ಬ್ಯಾಟರಿಯ ಕಂಬದ ಮೇಲಿನ ಬಿಳಿ, ನೀಲಿಹಸಿರು ಪುಡಿ ಗಂಧಕಾಮ್ಲದಿಂದಲೇ ಹುಟ್ಟಿದ್ದು; ಅದಕ್ಕೆ ಮತ್ತೆ ಹುಳಿ ಬೇಡ, ಅಡುಗೆ ಸೋಡಾ ಕದಡಿದ ನೀರು ಬೇಕು. ಆ ನೀರು ಬ್ಯಾಟರಿಯ ಒಳಕ್ಕೆ ಹನಿಯೂ ಇಳಿಯಬಾರದು. ಅನಂತರ ತಂತಿಯ ಬ್ರಷ್ಷಿನಿಂದ ಉಜ್ಜಿ, ಒರೆಸಿ, ಒಣಗಿಸಿ, ಬಿಗಿದು, ವ್ಯಾಸಲೀನು. ಹಿರಿಯರ ಇನ್ನೊಂದು ಉಪಾಯ ಮಾತ್ರ ಇಲ್ಲಿಗೂ ಒಪ್ಪುತ್ತದೆ: ಕಲಾಯಿ. ಹುಳಿ ಕುದಿಸುವ ತಾಮ್ರದ ಪಾತ್ರೆಗೆ ತವರ ಬಳಿದಂತೆಯೇ ಕೇಬಲ್ಲಿನ ತುದಿಯ ತಾಮ್ರಕ್ಕೂ ತವರ ಬಳಿಯುತ್ತಾರೆ.

ಬಿಗಿಯುವುದರಲ್ಲೂ ವಿವೇಕ ಬೇಕು. ಸೀಸ ಮೆದು, ವಿಪರೀತ ಬಿಗಿದರೆ ಮೇಣದಂತೆ ಮೆಲ್ಲನೆ ಜರುಗಿ ತಾನೇ ಸಡಿಲಗೊಳ್ಳುತ್ತದೆ. ನಮ್ಮ ರಸ್ತೆಗಳ ಕುಲುಕಾಟವಂತೂ ಇದ್ದೇ ಇದೆ. ಹಳೆಯ ಕಾರುಗಳನ್ನು ನೋಡಿಕೊಳ್ಳುವ ನಮ್ಮ ಬಡಾವಣೆಯ ಮೆಕ್ಯಾನಿಕ್ಕೊಬ್ಬರು ಉಂಗುರ, ಕೈಗಡಿಯಾರ ಕಳಚಿಡದೆ ಸ್ಪ್ಯಾನರನ್ನು ಮುಟ್ಟುವುದಿಲ್ಲ. ಅದರ ಹಿಡಿಗೂ ಪಟ್ಟಿ ಸುತ್ತಿದ್ದಾರೆ.

ಅವರಿಂದ ಕಲಿತ ಮತ್ತೊಂದು ವಿಷಯ ಇದೆಲ್ಲಕ್ಕಿಂತ ಬೆಲೆಯುಳ್ಳದ್ದು. ಕೆಟ್ಟ ಸಂಧಿ ಮುದಿ ಬ್ಯಾಟರಿಯ ವೇಷ ಹಾಕುತ್ತದೆ. ಎರಡರಲ್ಲೂ ಏರಿನಲ್ಲಿ ವೋಲ್ಟೇಜು ಕುಸಿಯುತ್ತದೆ, ಕಾರು ಏದುಸಿರು ಬಿಡುತ್ತದೆ. ವೇಷವನ್ನು ನಂಬಿದವರು ಇಡೀ ಬ್ಯಾಟರಿ ಸೆಟ್ಟನ್ನೇ ಬದಲಿಸುತ್ತಾರೆ. ಅಷ್ಟು ಹಣವಿಲ್ಲದವರು ಕಾರನ್ನು ಗುಜರಿಗೆ ಹಾಕುತ್ತಾರೆ. ವೇಷ ಕಳಚುವ ವಿಧಾನ ಸರಳ: ಪ್ರವಾಹ ಹರಿಯುತ್ತಿರುವಾಗಲೇ ಪ್ರತಿಯೊಂದು ಸಂಧಿಯ ಈಚೆ ಆಚೆ ಮೀಟರನ್ನಿಟ್ಟು ನೋಡುವುದು. ಒಳ್ಳೆಯ ಸಂಧಿಯಲ್ಲಿ ಮುಳ್ಳು ಬಹುಮಟ್ಟಿಗೆ ಸೊನ್ನೆಯಲ್ಲೇ ಇರುತ್ತದೆ, ಕೆಟ್ಟದ್ದರಲ್ಲಿ ಏಳುತ್ತದೆ. ಕಾರು ನಿಂತಿದ್ದಾಗ ಅಳೆದರೆ ಎಲ್ಲ ಸಂಧಿಗಳೂ ಸಜ್ಜನರೇ.

2009ರಲ್ಲಿ ರೇವಾಕ್ಕೆ ಲಿಥಿಯಂ ಬ್ಯಾಟರಿ ಬಂದಿತು. ಹಳೆಯ ಕಾರುಗಳಿಗೂ ಕೆಲವರು ಅದನ್ನೇ ಹಾಕಿಸಿಕೊಂಡರು. ಸೀಸ ಹೋಯಿತು, ಆಮ್ಲ ಹೋಯಿತು. ಸಂಧಿ ಹೋಗಲಿಲ್ಲ; ಹೆಚ್ಚಿತು. ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಕೋಶವೊಂದಕ್ಕೆ ಸುಮಾರು 3.2 ವೋಲ್ಟ್ ಮಾತ್ರವಾದ್ದರಿಂದ 48 ವೋಲ್ಟಿಗೆ ಕನಿಷ್ಠ ಹದಿನೈದು ಕೋಶಗಳು, ಮೂವತ್ತು ಟರ್ಮಿನಲ್ಲುಗಳು ಬೇಕು. ಅವುಗಳಲ್ಲಿ ಹಲವು ಅಲ್ಯೂಮಿನಿಯಮ್ಮಿನವು. ಉಜ್ಜಿ ಹೊಳಪಿಸಿದ ಅಲ್ಯೂಮಿನಿಯಂ ಮೇಲೆ ಗಾಳಿ ತಾಕಿದ ಕ್ಷಣವೇ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ, ಆ ಪೊರೆ ವಿದ್ಯುತ್ತನ್ನು ಬಿಡುವುದಿಲ್ಲ. ಆದ್ದರಿಂದ ಇಲ್ಲಿ ಉಜ್ಜಿ ಒರೆಸಿದೊಡನೆಯೇ, ಚಹಾ ಕುಡಿಯಲು ಹೋಗದೆ, ಲೇಪ ಸವರಿ ಬಿಗಿಯಬೇಕು.